ಗ್ಯಾರಂಟಿ ಕೊಡದ ದೋಣಿ

ಮಗಳಿಗೆ ಈಗ ಹನ್ನೊಂದು. ಎರಡು ವರ್ಷದಿಂದ ಅವಳದ್ದು ಒಂದೇ ಹಟ, ತಿಮಿಂಗಿಲ ನೋಡಬೇಕು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳು, ಸಮುದ್ರ ನೋಡಿದ್ದೇ ಎರಡು ಸಲ. ಆದರೂ ನೋಟ್‌ಬುಕ್ಕಿನ ತುಂಬ ತಿಮಿಂಗಿಲಗಳೇ. ಯಾವುದಕ್ಕೆ ಹಲ್ಲು, ಯಾವುದಕ್ಕೆ ಹಲ್ಲಿನ ಬದಲು ಜರಡಿಯಂಥ ಪಟ್ಟಿ, ಯಾವುದು ಎಷ್ಟು ಉದ್ದ, ಎಲ್ಲ ಬರೆದಿಟ್ಟಿದ್ದಾಳೆ. "ತಿಮಿ ಅನ್ನೋ ದೊಡ್ಡ ಮೀನನ್ನೇ ನುಂಗೋದು ತಿಮಿಂಗಿಲ. ಆದ್ರೆ ಅದು ಮೀನಲ್ಲ ಅಮ್ಮ, ಉಸಿರಾಡೋಕೆ ಮೇಲೆ ಬರಲೇಬೇಕು" ಅಂತ ಊಟಕ್ಕೆ ಕೂತಾಗಲೂ ಪಾಠ ಮಾಡುತ್ತಾಳೆ.

ಈ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ನಾಲ್ಕು ದಿನ ರಜೆ ಹೊಂದಿಸಿಕೊಂಡೆ. ತಮ್ಮ ಮಂಗಳೂರಿನಲ್ಲಿದ್ದಾನೆ. ಚಿಕ್ಕಮ್ಮನ ಮನೆ ಉಡುಪಿ ಹತ್ತಿರ ಕಲ್ಯಾಣಪುರದಲ್ಲಿ. ಉಳಿದುಕೊಳ್ಳುವ ಚಿಂತೆ ಇರಲಿಲ್ಲ. ಯಾವ ದೋಣಿ ಹತ್ತಬೇಕು ಅನ್ನುವುದೊಂದೇ ತೀರ್ಮಾನ ಆಗಬೇಕಿತ್ತು.

ಮೊದಲ ದಿನ, ಮಂಗಳೂರು

ರಾತ್ರಿ ಬಸ್ಸಿನಲ್ಲಿ ಬಂದು ಇಳಿದಾಗ ಬೆಳಗಾಗಿತ್ತು. ಬಿಸಿ ಬನ್ಸ್ ತಿಂದು, ಮಲಗಿ, ಎದ್ದ ಮೇಲೆ ತಮ್ಮ ಮೂರು ದೋಣಿಯವರ ನಂಬರ್ ಮುಂದಿಟ್ಟ. "ಅಕ್ಕಾ, ನೀನೇ ಮಾತಾಡು. ನಂಗೆ ಇದೆಲ್ಲ ಗೊತ್ತಾಗಲ್ಲ" ಎಂದ.

ಮೊದಲನೆಯವರು ಫೋನ್ ಎತ್ತಿದ ತಕ್ಷಣ ಹೇಳಿದರು: "ಡಾಲ್ಫಿನ್ ನೂರಕ್ಕೆ ನೂರು ಗ್ಯಾರಂಟಿ. ನಿಮ್ಮ ಅದೃಷ್ಟ ಇದ್ರೆ ತಿಮಿಂಗಿಲವೂ ಬರ್ತದೆ." ಎರಡನೆಯದು ದೊಡ್ಡ ದೋಣಿ. ಹಾಡು, ಊಟ, ಸೂರ್ಯಾಸ್ತ. ಡಾಲ್ಫಿನ್ ಬಗ್ಗೆ ಕೇಳಿದರೆ "ಅದೂ ಉಂಟು" ಅಂದರು. ಮೂರನೆಯವರು ಫೋನ್ ಎತ್ತಲಿಲ್ಲ. ಮಗಳು ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದಳು. ಗ್ಯಾರಂಟಿ ಅನ್ನುವ ಮಾತು ಅವಳ ಮುಖ ಅರಳಿಸಿತು. ಮೊದಲನೆಯದನ್ನೇ ಬುಕ್ ಮಾಡಿದೆ.

ಸಂಜೆ ಸುಲ್ತಾನ್ ಬತ್ತೇರಿಗೆ ಹೋದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ ಅದು. ಗುರುಪುರ ನದಿಯಲ್ಲಿ ಶತ್ರುಗಳ ಹಡಗು ಒಳಗೆ ಬರದ ಹಾಗೆ ನೋಡಿಕೊಳ್ಳಲು ಕಟ್ಟಿಸಿದ್ದು. ಅಲ್ಲಿಂದ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿ ಕಡಲತೀರ. ಮರಳಿನ ಮೇಲೆ ಕೂತು ಮಗಳು ಕೇಳಿದಳು: "ಶ್ರೀಲಂಕಾದ ಮಿರಿಸ್ಸಾದಲ್ಲಿ ದೋಣಿ ಹತ್ತಿದ ಸ್ವಲ್ಪ ಹೊತ್ತಿಗೇ ನೀಲಿ ತಿಮಿಂಗಿಲ ಕಾಣ್ಸುತ್ತಂತೆ. ಇಲ್ಲಿ ಯಾಕೆ ಕಾಣ್ಸಲ್ಲ?"

ಇದನ್ನು ನಾನೂ ಮೊದಲೇ ಓದಿಕೊಂಡಿದ್ದೆ. ಮಿರಿಸ್ಸಾದಲ್ಲಿ ದಡ ಬಿಟ್ಟು ಸ್ವಲ್ಪ ದೂರ ಹೋದರೆ ಸಾಕು, ಸಮುದ್ರದ ನೆಲ ಬಾವಿಯ ಹಾಗೆ ಆಳಕ್ಕಿಳಿಯುತ್ತದೆ. ದೊಡ್ಡ ತಿಮಿಂಗಿಲಗಳಿಗೆ ಬೇಕಾದ ಆಳ, ಮೇವು ಎರಡೂ ದಡದ ಹತ್ತಿರವೇ ಸಿಗುತ್ತವೆ. ಅದಕ್ಕೇ ಅಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ದೋಣಿಗಳ ಸಾಲು. ನಮ್ಮ ಕರಾವಳಿಯಲ್ಲಿ ಸಮುದ್ರದ ನೆಲ ಇಳಿಜಾರು ಗದ್ದೆಯ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಆಳ ಸಿಗಬೇಕಾದರೆ ಹತ್ತಾರು ಕಿಲೋಮೀಟರ್ ಹೋಗಬೇಕು. ಎರಡು ಗಂಟೆಯ ದೋಣಿ ಅಷ್ಟು ದೂರ ಹೋಗುವುದಿಲ್ಲ. ಅವಳಿಗೆ ಇದನ್ನು ಮರಳಿನಲ್ಲೇ ಗೀಚಿ ತೋರಿಸಿದೆ. ಅವಳು ಗೀಟಿನ ಕೊನೆಯಲ್ಲಿ ಒಂದು ಚಿಕ್ಕ ತಿಮಿಂಗಿಲ ಬರೆದಳು.

ಎರಡನೇ ದಿನ, ಅಳಿವೆ

ಈ ದಿನದ ಬಗ್ಗೆ ಬರೆಯಲು ಮನಸ್ಸಿಲ್ಲ. ಆದರೆ ಬರೆಯಲೇಬೇಕು. ದೋಣಿ ಆರಿಸುವವರಿಗೆ ಇದರಿಂದಲೇ ಜಾಸ್ತಿ ಉಪಯೋಗ.

ಬೆಳಿಗ್ಗೆ ಏಳಕ್ಕೆ ಹೊರಡೋಣವೇ ಎಂದು ಕೇಳಿದ್ದೆ. ಜನ ಸೇರಬೇಕು, ಹತ್ತಕ್ಕೆ ಬನ್ನಿ ಎಂದಿದ್ದರು. ದೋಣಿ ಬಿಟ್ಟಾಗ ಹನ್ನೊಂದು. ಕರಾವಳಿಯಲ್ಲಿ ಚಳಿಗಾಲದ ಬೆಳಗಿನ ಹೊತ್ತು ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ. ನೀರು ತಟ್ಟೆಯಲ್ಲಿಟ್ಟ ಹಾಗೆ ಇರುತ್ತದೆ. ಬಿಸಿಲೇರಿದಂತೆ ಗಾಳಿ ತಿರುಗಿ ಸಮುದ್ರದಿಂದ ನೆಲಕ್ಕೆ ಬರುತ್ತದೆ. ಆಮೇಲೆ ಸಣ್ಣ ಸಣ್ಣ ತೆರೆ ಏಳುತ್ತಲೇ ಇರುತ್ತದೆ. ಆ ತೆರೆಗಳ ನಡುವೆ ಡಾಲ್ಫಿನ್ನಿನ ಬೆನ್ನು ಹುಡುಕುವುದು ಕಷ್ಟ. ಹೊಟ್ಟೆ ತೊಳಸುವುದೂ ಆಗಲೇ.

ದೋಣಿಯಲ್ಲಿ ನಾವು ಇಪ್ಪತ್ತು ಜನ. ಲೈಫ್ ಜಾಕೆಟ್‌ಗಳು ಮುಂದೆ ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಹಾಕಿಕೊಳ್ಳಿ ಎಂದು ಯಾರೂ ಹೇಳಲಿಲ್ಲ. ನಾನೇ ಎದ್ದು ಮಗಳಿಗೊಂದು ಹುಡುಕಿದೆ. ಅದರ ಬಕಲ್ ಮುರಿದಿತ್ತು. ನನ್ನ ದುಪಟ್ಟಾದಿಂದ ಕಟ್ಟಿದೆ. ಆಗಲೇ ಇಳಿದುಬಿಡಬೇಕಿತ್ತು.

ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರಿ ಸಮುದ್ರಕ್ಕೆ ಬೀಳುವ ಅಳಿವೆಯ ಹೊರಗೆ ಅವು ಕಂಡವು. ನಾಲ್ಕು ಡಾಲ್ಫಿನ್. ಬೂದು ಬಣ್ಣ, ಬೆನ್ನಿನ ಮೇಲೆ ಗೂನು, ಗೂನಿನ ಮೇಲೆ ಚಿಕ್ಕ ರೆಕ್ಕೆ. ಹಂಪ್‌ಬ್ಯಾಕ್ ಡಾಲ್ಫಿನ್ ಅನ್ನುವುದು ಇವನ್ನೇ. ಆಳ ಸಮುದ್ರಕ್ಕೆ ಹೋಗುವುದಿಲ್ಲ. ದಡಕ್ಕೆ ಅಂಟಿಕೊಂಡು, ಇಪ್ಪತ್ತೈದು ಮೀಟರಿಗಿಂತ ಕಡಿಮೆ ನೀರಿನಲ್ಲೇ ಬದುಕುತ್ತವೆ. ನದಿ ಬಾಯಿ ಅಂದರೆ ಅವಕ್ಕೆ ಅಡುಗೆಮನೆ ಇದ್ದ ಹಾಗೆ. ಒಂದರ ಪಕ್ಕದಲ್ಲಿ ಮರಿ ಇತ್ತು. ಮಗಳು ನನ್ನ ಕೈ ಬಿಗಿಯಾಗಿ ಹಿಡಿದಳು.

ದೋಣಿಯವರು ಎಂಜಿನ್ ಜೋರು ಮಾಡಿ ನೇರ ಅವುಗಳ ಮೇಲೆಯೇ ಹೋದರು. ಅವು ಮುಳುಗಿದವು. ಎಡಕ್ಕೆ ಎದ್ದವು, ದೋಣಿ ಎಡಕ್ಕೆ ತಿರುಗಿತು. ಇನ್ನೊಂದು ದೋಣಿಯೂ ಬಂತು. ಎರಡೂ ಸೇರಿ ಸುತ್ತು ಹೊಡೆದವು. ಜನ ಸೀಟಿ ಹಾಕಿದರು. "ಇನ್ನೂ ಹತ್ರ ಹೋಗಣ್ಣ" ಎಂದು ಕೂಗಿದರು. ನಾನೂ ಮೊದಲು ಫೋನ್ ಎತ್ತಿ ಹಿಡಿದಿದ್ದೆ. ಮರಿ ಮತ್ತು ತಾಯಿ ಒಂದೇ ಸಲ ಉಸಿರೆಳೆದು ಮುಳುಗಿದ್ದು ಕಂಡಿತು. ಆಮೇಲೆ ಎಲ್ಲಿ ಎದ್ದವೋ ಕಾಣಲಿಲ್ಲ.

"ಅಮ್ಮ, ಅವು ಆಟ ಆಡ್ತಿಲ್ಲ. ಓಡ್ತಿವೆ" ಎಂದಳು ಮಗಳು. ಅಳುತ್ತಿದ್ದಳು.

ನೀರಿನೊಳಗೆ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಡಾಲ್ಫಿನ್ ಶಬ್ದ ಬಿಟ್ಟು, ಅದರ ಮಾರ್ದನಿ ಕೇಳಿ, ಮೀನು ಎಲ್ಲಿದೆ, ಮರಿ ಎಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ಕದಡಿದ ಅಳಿವೆ ನೀರಿನಲ್ಲಿ ಕಣ್ಣು ಹೆಚ್ಚು ದೂರ ಹೋಗುವುದಿಲ್ಲ, ಕಿವಿಯೇ ಆಧಾರ. ಆ ಹೊತ್ತಿನಲ್ಲಿ ಎರಡು ಎಂಜಿನ್ ಸುತ್ತಲೂ ಗಿರಕಿ ಹೊಡೆದರೆ ತಾಯಿಗೆ ಮರಿ ಹೇಗೆ ಸಿಗಬೇಕು? ಇಳಿಯುವಾಗ ದೋಣಿಯವರು ನಗುತ್ತಾ "ತೋರಿಸಿದೆವಲ್ಲ?" ಅಂದರು. ತೋರಿಸಿದ್ದೇನೋ ನಿಜ. ನನಗೆ ಉತ್ತರ ಕೊಡಲು ಆಗಲಿಲ್ಲ. ಸಂಜೆಯೇ ತಮ್ಮ ನಮ್ಮನ್ನು ಕಾರಿನಲ್ಲಿ ಕಲ್ಯಾಣಪುರಕ್ಕೆ ಬಿಟ್ಟು ಬಂದ. ದಾರಿಯುದ್ದಕ್ಕೂ ಮಗಳು ಮಾತಾಡಲಿಲ್ಲ.

ಮೂರನೇ ದಿನ, ಮಲ್ಪೆ

ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು, ನೀರು ದೋಸೆ ಹುಯ್ಯುತ್ತಲೇ ಹೇಳಿದರು: "ದೋಣಿ ಬೇಕಿದ್ರೆ ದೋಣಿ ಮಾರುವವರನ್ನ ಕೇಳಬಾರ್ದು ಮಗಾ. ಕಡಲಿಗೆ ಹೋಗುವವರನ್ನ ಕೇಳ್ಬೇಕು." ಅವರ ಪರಿಚಯದ ಒಬ್ಬ ಹಿರಿಯರು ಮಲ್ಪೆಯಲ್ಲಿದ್ದಾರೆ. ನಲವತ್ತು ವರ್ಷ ಮೀನುಗಾರಿಕೆ, ಕೊನೆಯ ಹದಿನೈದು ವರ್ಷ ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟಿನ ತಾಂಡೇಲ, ಅಂದರೆ ಬೋಟಿನ ಮುಖ್ಯಸ್ಥ. ಈಗ ಮನೆಯಲ್ಲಿದ್ದಾರೆ. ಆದರೂ ಬೆಳಿಗ್ಗೆ ಬೋಟುಗಳು ನಿಲ್ಲುವ ಧಕ್ಕೆಗೆ ಬಂದು ಹೋಗದಿದ್ದರೆ ಅವರಿಗೆ ಆಗುವುದಿಲ್ಲವಂತೆ.

ಮಲ್ಪೆಯ ಧಕ್ಕೆ ಬೆಳಗಿನ ಹೊತ್ತಿನಲ್ಲಿ ನೋಡಬೇಕು. ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಒಂದರಿಂದ ಒಂದಕ್ಕೆ ಹೆಜ್ಜೆ ಹಾಕುತ್ತ ನೀರು ಮುಟ್ಟದೆ ಎಷ್ಟೋ ದೂರ ಹೋಗಬಹುದು. ಬಂಗುಡೆ, ಬೂತಾಯಿ ಬುಟ್ಟಿ ಬುಟ್ಟಿ. ಐಸ್ ಪುಡಿ ಮಾಡುವ ಸದ್ದು. ಏಲಂ ಕೂಗುವವರ ತುಳು. ಆ ಗದ್ದಲದ ನಡುವೆ ಬಲೆಯ ರಾಶಿಯ ಮೇಲೆ ಕೂತು ತಾಂಡೇಲರು ನಮ್ಮ ಜೊತೆ ಒಂದೂವರೆ ಗಂಟೆ ಮಾತಾಡಿದರು.

"ತಿಮಿಂಗಿಲ ತೋರಿಸ್ತೇನೆ ಅಂತ ಯಾರಾದ್ರೂ ಹೇಳಿದ್ರೆ ಆ ದೋಣಿ ಹತ್ತಬೇಡಿ ಮಾರಾಯ್ರೆ" ಎಂದೇ ಶುರು ಮಾಡಿದರು. "ನಾನು ನಲವತ್ತು ವರ್ಷದಲ್ಲಿ ನೋಡಿದ್ದು ಏಳೆಂಟು ಸಲ. ಎಲ್ಲ ಹೊರಗೆ, ಇಪ್ಪತ್ತು ಮಾರು, ಮೂವತ್ತು ಮಾರು ನೀರಲ್ಲಿ. ಬೂತಾಯಿ ಗುಂಪು ಇದ್ದಲ್ಲಿ. ಮೊದಲು ಹಕ್ಕಿ ಕಾಣ್ತದೆ, ಮತ್ತೆ ಸದ್ದು. ಲಾರಿ ಟಯರಿನ ಗಾಳಿ ಬಿಟ್ಟ ಹಾಗೆ. ಆಮೇಲೆ ಬೆನ್ನು, ಬೆನ್ನು, ಬೆನ್ನು. ಮುಗಿಯುವುದೇ ಇಲ್ಲ ಅದು."

ಒಂದು ಮಾರು ಅಂದರೆ ಸುಮಾರು ಆರು ಅಡಿ. ಮಗಳು ಅಲ್ಲೇ ಲೆಕ್ಕ ಹಾಕಿ ಬರೆದುಕೊಂಡಳು. ಆಮೇಲೆ ನೋಟ್‌ಬುಕ್ ತೆರೆದು ಬ್ರೂಡಸ್ ತಿಮಿಂಗಿಲದ ಚಿತ್ರ ತೋರಿಸಿದಳು. ಹನ್ನೆರಡು, ಹದಿನಾಲ್ಕು ಮೀಟರ್ ಉದ್ದದ್ದು. ಬೇರೆ ತಿಮಿಂಗಿಲಗಳ ಹಾಗೆ ಚಳಿಯ ಸಮುದ್ರಗಳಿಗೆ ವಲಸೆ ಹೋಗದೆ ಬಿಸಿ ನೀರಿನಲ್ಲೇ ವರ್ಷವಿಡೀ ಇರುತ್ತದೆ. ಬೂತಾಯಿಯಂಥ ಗುಂಪು ಮೀನೇ ಅದರ ಊಟ. ತಲೆಯ ಮೇಲೆ ಉದ್ದಕ್ಕೆ ಮೂರು ಏಣು ಇರುವುದೇ ಅದರ ಗುರುತು. "ಅಜ್ಜ, ನೀವು ನೋಡಿದ್ದಕ್ಕೆ ಮೂರು ಗೆರೆ ಇತ್ತಾ?"

ಅವರು ಚಿತ್ರವನ್ನು ತುಂಬ ಹೊತ್ತು ನೋಡಿದರು. "ಗೆರೆ ಕಾಣುವಷ್ಟು ಹತ್ತಿರ ಹೋಗ್ಲಿಲ್ಲ ಮಗಾ. ಅದರ ದಾರಿ ಅದಕ್ಕೆ."

ದೋಣಿ ಆರಿಸುವುದು ಹೇಗೆ ಎಂದು ಕೇಳಿದೆ. ದೋಣಿ ಚೆಂದ ಉಂಟಾ ಅಂತ ನೋಡಬೇಡಿ, ಎಂಜಿನ್ ಮೇಲಿನ ಕೈ ಹೇಗುಂಟು ಕೇಳಿ ಎಂದರು. ಡಾಲ್ಫಿನ್ ಕಂಡರೆ ಏನು ಮಾಡ್ತೀರಿ ಅಂತ ಕೇಳಬೇಕು. "ಹತ್ತಿರ ಕರ್ಕೊಂಡು ಹೋಗ್ತೇನೆ" ಅಂದರೆ ಬೇಡ. "ಎಂಜಿನ್ ನಿಲ್ಲಿಸ್ತೇನೆ" ಅಂದರೆ ಸರಿ. ಎಷ್ಟು ಹೊತ್ತಿಗೆ ಬಿಡ್ತೀರಿ ಅಂತ ಕೇಳಬೇಕು. ಬೆಳಕು ಹರಿಯುವ ಮೊದಲು ಎಂದವನಿಗೆ ಕಡಲು ಗೊತ್ತುಂಟು. ದೋಣಿಯ ಮೇಲೆ ನೋಂದಣಿ ನಂಬರ್ ಬರೆದಿರಬೇಕು. ತಲೆಗೊಂದು ಜಾಕೆಟ್ ಇರಬೇಕು, ಮತ್ತು ದೋಣಿಯವನೇ ಅದನ್ನು ಕಟ್ಟಿ ನೋಡಬೇಕು. "ತೂಫಾನ್ ಇದ್ರೆ ಹೋಗುವುದಿಲ್ಲ, ದುಡ್ಡು ವಾಪಸ್ ಅಂತ ಮೊದ್ಲೇ ಹೇಳುವವ ಇದ್ದಾನಲ್ಲ, ಅವನ ಜೊತೆ ಹೋಗಿ."

ದೊಡ್ಡ ತಿಮಿಂಗಿಲಕ್ಕೆ 100 ಮೀಟರ್, ಡಾಲ್ಫಿನ್ನಿಗೆ 50 ಮೀಟರ್ ದೂರ ಬಿಡಬೇಕು, ಎದುರಿನಿಂದಾಗಲೀ ಹಿಂದಿನಿಂದಾಗಲೀ ಹೋಗಬಾರದು, ಪಕ್ಕದಲ್ಲಿ ನಿಧಾನಕ್ಕೆ ಸಾಗಬೇಕು. ಬೇರೆ ದೇಶಗಳಲ್ಲಿ ಸಾಮಾನ್ಯವಾಗಿ ಪಾಲಿಸುವ ಈ ನಿಯಮ ನಾನು ಓದಿದ್ದೆ. ಅವರಿಗೆ ಹೇಳಿದೆ. ತಲೆಯಾಡಿಸಿದರು. "ದನ ಮೇಯುವಲ್ಲಿಗೆ ಹೋಗುವುದೂ ಹಾಗೆ ಅಲ್ವಾ? ಎದುರಿಂದ ಓಡಿ ಬಂದ್ರೆ ಯಾವ ದನ ನಿಲ್ತದೆ?"

ಬಲೆಗೆ ಸಿಕ್ಕಿದ ಡಾಲ್ಫಿನ್ ಬಗ್ಗೆಯೂ ಹೇಳಿದರು. ಉಸಿರಿಗೆ ಮೇಲೆ ಬರಲಾಗದೆ ಬಲೆಯಲ್ಲೇ ಸಾಯುತ್ತವೆ. ಜೀವ ಇದ್ದರೆ ಬಲೆ ಕೊಯ್ದಾದರೂ ಬಿಡಿಸುತ್ತಿದ್ದೆವು ಎಂದರು. ಬಲೆಯ ಬೆಲೆ ಗೊತ್ತಿದ್ದವರಿಗೆ ಮಾತ್ರ ಆ ಮಾತಿನ ತೂಕ ಗೊತ್ತಾಗುತ್ತದೆ. ಡಾಲ್ಫಿನ್, ತಿಮಿಂಗಿಲಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದೆ. ಕಾಯ್ದೆ ದಡದಲ್ಲಿದೆ. ಕಡಲಿನಲ್ಲಿ ಇರುವುದು ಇಂಥವರ ಕೈ.

ಮಧ್ಯಾಹ್ನ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ ಬಂದೆವು. ಲಾವಾ ತಣಿದು ಕಂಬ ಕಂಬವಾಗಿ ನಿಂತ ಕಲ್ಲುಗಳು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾದ ಹೊತ್ತಿನವು. ಚೆನ್ನಾಗಿದೆ, ಆದರೆ ಆ ದಿನ ಜನ ಜಾಸ್ತಿ. ನನ್ನ ಮನಸ್ಸು ಧಕ್ಕೆಯಲ್ಲೇ ಉಳಿದಿತ್ತು.

ಸಂಜೆ ಚಿಕ್ಕಮ್ಮ ದೀಪ ಹಚ್ಚಿ ಕೆಂಡಕ್ಕೆ ಲೋಬಾನ ಹಾಕಿದರು. ಹೊಗೆ ನೋಡುತ್ತಿದ್ದ ಮಗಳು ಥಟ್ಟನೆ, "ಅಜ್ಜಿ, ಈ ಹೆಸರಿನ ತಿಮಿಂಗಿಲ ಇದೆ!" ಎಂದಳು. ಎರಡು ದಿನದಲ್ಲಿ ಅವಳು ಮೊದಲ ಸಲ ಉತ್ಸಾಹದಿಂದ ಮಾತಾಡಿದ್ದು. ಓಮನ್ ಕರಾವಳಿಯಲ್ಲಿ 2017ರ ಕೊನೆಗೆ ವಿಜ್ಞಾನಿಗಳು ಒಂದು ಹೆಣ್ಣು ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ ಉಪಗ್ರಹ ಟ್ಯಾಗ್ ಹಾಕಿದ್ದರು. ಅದರ ಹೆಸರು ಲುಬಾನ್, ಅರಬ್ಬಿಯಲ್ಲಿ ಲೋಬಾನ ಎಂದೇ ಅರ್ಥ. ಅದು ಅರಬ್ಬೀ ಸಮುದ್ರ ಅಡ್ಡ ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂತು. ತೆಂಕಣಕ್ಕೆ ಇಳಿದು, ಮತ್ತೆ ಓಮನ್‌ಗೆ ಮರಳಿತು. ಅಂದರೆ ನಮ್ಮ ಈ ಕಡಲು ಅದರ ಓಡಾಟದ ಜಾಗ. ಬೇರೆ ಹಂಪ್‌ಬ್ಯಾಕ್‌ಗಳು ಧ್ರುವದ ಕಡೆಗೆ ವಲಸೆ ಹೋಗುತ್ತವೆ. ಅರಬ್ಬೀ ಸಮುದ್ರದವು ಹೋಗುವುದಿಲ್ಲ, ಇಲ್ಲೇ ಉಳಿಯುತ್ತವೆ. ಓಮನ್ ಬಳಿ ಉಳಿದಿರುವುದು ನೂರಕ್ಕಿಂತ ಕಡಿಮೆ ಎಂದು ಅಂದಾಜು. 1966ರ ಆಸುಪಾಸಿನಲ್ಲಿ ಸೋವಿಯತ್ ಬೇಟೆ ಹಡಗುಗಳು ಈ ಸಮುದ್ರದಲ್ಲಿ 240ಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳನ್ನು ಕೊಂದಿದ್ದವು.

ಚಿಕ್ಕಮ್ಮ ಕೆಂಡದ ಬಟ್ಟಲು ಕೈಯಲ್ಲಿ ಹಿಡಿದು ನಿಂತೇ ಇದ್ದರು. "ಇಷ್ಟು ವರ್ಷ ಕಡಲ ಬದಿಯಲ್ಲಿದ್ದೇನೆ, ಇದು ಗೊತ್ತೇ ಇರ್ಲಿಲ್ಲ" ಎಂದರು.

ನಾಲ್ಕನೇ ದಿನ, ಕೋಡಿಬೆಂಗ್ರೆ

ತಾಂಡೇಲರ ತಂಗಿಯ ಮಗನದ್ದು ಒಂದು ಚಿಕ್ಕ ಫೈಬರ್ ದೋಣಿ. ಹಿಂದಿನ ರಾತ್ರಿ ಫೋನ್ ಮಾಡಿ ನನ್ನ ಪ್ರಶ್ನೆಗಳನ್ನೆಲ್ಲ ಕೇಳಿದ್ದೆ. "ಡಾಲ್ಫಿನ್ ಕಾಣದಿದ್ರೂ ಡೀಸೆಲ್, ಪೆಟ್ರೋಲ್ ಖರ್ಚು ಆಗ್ತದೆ ಅಕ್ಕ, ದುಡ್ಡು ಕೊಡ್ಬೇಕು. ತಿಮಿಂಗಿಲ ಕಾಣುವ ಆಸೆ ಇಟ್ಕೊಂಡು ಬರ್ಬೇಡಿ" ಎಂದಿದ್ದರು. ಆ ಮಾತು ಕೇಳಿಯೇ ನನಗೆ ಧೈರ್ಯ ಬಂತು.

ಕೋಡಿಬೆಂಗ್ರೆ ಒಂದು ನಾಲಗೆಯಂಥ ಊರು. ಒಂದು ಬದಿ ನದಿ, ಒಂದು ಬದಿ ಕಡಲು. ತುದಿಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಸಮುದ್ರ ಸೇರುತ್ತವೆ. ನಾವು ತಲುಪಿದಾಗ ಇನ್ನೂ ಕತ್ತಲು. ಎರಡನೇ ದಿನದ ಪಾಠದಿಂದ ಎರಡು ಇಡ್ಲಿ ಮಾತ್ರ ತಿಂದಿದ್ದೆವು. ಖಾಲಿ ಹೊಟ್ಟೆಯೂ ತುಂಬಿದ ಹೊಟ್ಟೆಯೂ ಎರಡೂ ತೊಳಸುತ್ತವೆ. ಶುಂಠಿ ಚೂರು ಬಾಯಲ್ಲಿತ್ತು. ದೋಣಿಯಲ್ಲಿ ನಾವು ಮೂವರು, ಅವರು, ಒಬ್ಬ ಹುಡುಗ. ಅವರೇ ಮಗಳ ಜಾಕೆಟ್ ಕಟ್ಟಿ, ಎಳೆದು ನೋಡಿ, ದೋಣಿಯ ನಡುವೆ ಕೂರಿಸಿದರು. ಅಲ್ಲಿ ಅಲುಗಾಟ ಕಡಿಮೆ.

ಅಳಿವೆ ದಾಟಿದಾಗ ಘಟ್ಟದ ಸಾಲಿನ ಹಿಂದೆ ಆಕಾಶ ಕೆಂಪಾಗುತ್ತಿತ್ತು. ಬೆನ್ನಿಗೆ ನೆಲದ ತಣ್ಣನೆಯ ಗಾಳಿ. ನೀರಿನ ಮೇಲೆ ಒಂದು ಸುಕ್ಕೂ ಇಲ್ಲ. ಸುಮಾರು ಇಪ್ಪತ್ತು ನಿಮಿಷ ಆದ ಮೇಲೆ ಅವರು ಎಂಜಿನ್ ನಿಲ್ಲಿಸಿದರು. "ಕೇಳಿ" ಎಂದರು. "ನೋಡಿ" ಅನ್ನಲಿಲ್ಲ.

ಮೊದಲು ಏನೂ ಇಲ್ಲ. ದೋಣಿಯ ಹೊಟ್ಟೆಗೆ ನೀರು ತಟ್ಟುವ ಸದ್ದು. ದೂರದಲ್ಲಿ ಯಾವುದೋ ಬೋಟಿನ ಡುಗುಡುಗು.

ಆಮೇಲೆ, ಫುಸ್ಸ್.

ಮಗಳು ನನ್ನತ್ತ ತಿರುಗಿದಳು. ಮತ್ತೆ ಫುಸ್ಸ್, ಇನ್ನೊಂದು ಚಿಕ್ಕದು, ಫಿಸ್ಸ್. ಉಸಿರು. ಅವು ಉಸಿರಾಡುತ್ತಿದ್ದವು. ಕಾಣುವ ಮೊದಲೇ ಕೇಳಿಸಿದವು. ಆಮೇಲೆ ಮೂತಿ, ಗೂನು, ಗೂನಿನ ಮೇಲಿನ ರೆಕ್ಕೆ. ಐದು ಇದ್ದವು. ನಾವು ನಿಂತಲ್ಲೇ ನಿಂತೆವು. ಅವು ಮೀನಿನ ಬೆನ್ನು ಹತ್ತಿ ತಾವಾಗಿಯೇ ನಮ್ಮ ಕಡೆಗೆ ಬಂದವು, ದೋಣಿಯ ಪಕ್ಕದಲ್ಲಿ ಸುಮ್ನೆ ಹಾದು ಹೋದವು. ಒಂದು ಅರ್ಧ ಎದ್ದು ನಿಂತ ಹಾಗೆ ಮಾಡಿ ನಮ್ಮನ್ನು ನೋಡಿತು. ಫೋನ್ ಬ್ಯಾಗಿನಲ್ಲೇ ಇತ್ತು. ಚಿಕ್ಕಮ್ಮ ಎರಡೂ ಕೈ ಮುಗಿದು ಕೂತಿದ್ದರು.

ಅರ್ಧ ಗಂಟೆ ಆದ ಮೇಲೆ ದೋಣಿಯವರು "ಸಾಕು, ಅವುಗಳ ತಿಂಡಿ ಹೊತ್ತು" ಎಂದು ದೂರ ಸರಿಯುವವರೆಗೆ ಹುಟ್ಟು ಹಾಕಿ, ಆಮೇಲೆ ಎಂಜಿನ್ ಶುರು ಮಾಡಿದರು. ಹತ್ತು ಮಾರು ನೀರಿನವರೆಗೆ ಹೋಗಿ ಮತ್ತೆ ನಿಲ್ಲಿಸಿ ಕಾದೆವು. ಅಲ್ಲಿ ಏನೂ ಬರಲಿಲ್ಲ. ಒಂಬತ್ತೂವರೆಗೆ ಗಾಳಿ ತಿರುಗುವ ಮೊದಲೇ ದಡದಲ್ಲಿದ್ದೆವು. ತಿಮಿಂಗಿಲ ಕಾಣಲಿಲ್ಲ ಎಂದು ಬೇಸರವೇ ಎಂದು ಮಗಳನ್ನು ಕೇಳಿದೆ. ಅವಳು ಬರೆಯುತ್ತಿದ್ದಳು, ತಲೆ ಎತ್ತಲಿಲ್ಲ. ತಾರೀಕು, ಹೊತ್ತು, ಐದು ಡಾಲ್ಫಿನ್, ಗಾಳಿ ಪೂರ್ವದಿಂದ.

ಮೂರು ವಾರದ ಮೇಲೆ

ಒಂದು ಸಂಜೆ ಮಲ್ಪೆಯಿಂದ ಫೋನ್ ಬಂತು. ತಾಂಡೇಲರೇ. ಹಿನ್ನೆಲೆಯಲ್ಲಿ ಧಕ್ಕೆಯ ಗದ್ದಲ.

"ಮಗು ಉಂಟಾ? ಅವಳಿಗೆ ಹೇಳಿ. ಇವತ್ತು ನಮ್ಮ ಪರ್ಸೀನ್ ಹುಡುಗರಿಗೆ ಇಪ್ಪತ್ತೈದು ಮಾರು ನೀರಲ್ಲಿ ಒಂದು ತಿಮಿಂಗಿಲ ನೋಡ್ಲಿಕ್ಕೆ ಸಿಕ್ಕಿದೆಯಂತೆ. ದೊಡ್ಡದು. ಬೂತಾಯಿ ಗುಂಪಿನ ಹತ್ತಿರ. ನಾಲ್ಕು ಸಲ ಉಸಿರು ಬಿಟ್ಟು ಮುಳುಗಿತಂತೆ. ಬರ್ದುಕೊಳ್ಲಿಕ್ಕೆ ಹೇಳಿ."

ಫೋನ್ ಸ್ಪೀಕರಿನಲ್ಲಿತ್ತು. ಮಗಳು ಆಗಲೇ ನೋಟ್‌ಬುಕ್ ತಂದಿದ್ದಳು.

"ಅಜ್ಜ, ಅವ್ರು ಎಂಜಿನ್ ನಿಲ್ಸಿದ್ರಾ?"

"ನಿಲ್ಲಿಸಿದ್ರು ಮಗಾ. ಬಲೆಯೂ ಹಾಕ್ಲಿಲ್ಲ."

ಅದನ್ನೂ ಬರೆದುಕೊಂಡಳು.